ಸಿಕ್ಸ್ ಬೈ ಸಿಕ್ಸ್ ಇದ್ದರೂ ರಾತ್ರಿ ಕಾಣದ ಕಣ್ಣು: ತೀರ್ಥಹಳ್ಳಿಯ ಒಂದು ಲೇಸಿಕ್ ಪ್ರಕರಣ

2023ರ ಜುಲೈನಲ್ಲಿ ಒಬ್ಬರು ನನ್ನ ಕನ್ನಡಕದ ಅಂಗಡಿಗೆ ಬಂದು, "ಲೇಸಿಕ್ ಮಾಡಿಸಿ ಒಂದೂವರೆ ವರ್ಷ ಆಯ್ತು ಮೇಡಂ, ರಾತ್ರಿ ಹೊತ್ತು ಯಾಕೋ ಸರಿ ಕಾಣಲ್ಲ" ಅಂದಿದ್ದರು. ಲೇಸಿಕ್ ಅಂದರೆ ಕನ್ನಡಕ ಬೇಡವಾಗಿಸುವ ಲೇಸರ್ ಆಪರೇಷನ್. ಕೂರಿಸಿ ಚಾರ್ಟ್ ಓದಿಸಿದೆ. ಎರಡೂ ಕಣ್ಣಲ್ಲಿ ಸಿಕ್ಸ್ ಬೈ ಸಿಕ್ಸ್ ಸಾಲನ್ನು, ಅಂದರೆ ದೃಷ್ಟಿ ಸರಿ ಇದ್ದವರು ಓದುವ ಸಾಲನ್ನು, ಗಡಗಡ ಓದಿದರು. "ಕಣ್ಣು ಚೆನ್ನಾಗಿದೆ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂತ ಕಳಿಸಿಬಿಟ್ಟೆ. ಹನ್ನೊಂದು ತಿಂಗಳ ನಂತರ ಅವರೇ ಮತ್ತೆ ಬಂದರು. ಈ ಸಲ ಜೊತೆಗೆ ಅಮ್ಮ ಇದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಐದು ಡ್ರಾಪ್ಸ್ ಬಾಟಲಿ. ನಾನು ಇಲ್ಲಿ ಬರೆಯುತ್ತಿರುವುದು ಈ ಎರಡನೇ ಭೇಟಿಯಿಂದ ಆಚೆಗಿನ ಕಥೆ. ಮೊದಲ ಭೇಟಿಯಲ್ಲಿ ಆದದ್ದು ನನ್ನ ತಪ್ಪು, ಅಷ್ಟೇ.

ನಾನು ಕಣ್ಣಿನ ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಕೆಲಸ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು. ಹಾಗಾಗಿ ತೀರ್ಥಹಳ್ಳಿಯವರು ಅಂತಲೇ ಕರೆಯುತ್ತೇನೆ.

ಆಗ ಅವರ ವಯಸ್ಸು 32. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಮನೆ, ಅಡಿಕೆ ತೋಟ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು ಕೊರೊನಾ ಟೈಮಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದರು, ವಾಪಸ್ ಹೋಗಲೇ ಇಲ್ಲ. ಹಗಲು ತೋಟ, ಸಂಜೆ ಆರರಿಂದ ರಾತ್ರಿ ಎರಡರವರೆಗೆ ಅಮೆರಿಕದವರ ಜೊತೆ ಕೆಲಸ. ಐದನೇ ಕ್ಲಾಸಿನಿಂದ ಕನ್ನಡಕ. ಲೇಸಿಕ್ ಮಾಡಿಸಿದ್ದು ಮದುವೆಗೂ ಅಲ್ಲ, ಚಂದಕ್ಕೂ ಅಲ್ಲ. ಮಳೆಗೆ. ಮಲೆನಾಡಿನ ಮಳೆಯಲ್ಲಿ ಕನ್ನಡಕ ಹಾಕಿಕೊಂಡು ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಲ್ಮೆಟ್ ಗ್ಲಾಸ್ ಮೇಲೆ ನೀರು, ಒಳಗೆ ಹಬೆ, ಕನ್ನಡಕದ ಎರಡೂ ಕಡೆ ಹಬೆ. ಗ್ಲಾಸ್ ಎತ್ತಿದರೆ ಹನಿ ಸೀದಾ ಕನ್ನಡಕಕ್ಕೆ. ಕನ್ನಡಕ ತೆಗೆದರೆ ಮೈನಸ್ ಆರೂವರೆಯ ಕಣ್ಣಿಗೆ ಮುಂದಿರುವುದು ಬಸ್ಸೋ ಬಂಡೆಯೋ ಗೊತ್ತಾಗುವುದಿಲ್ಲ.

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಹಾಸಿಗೆಯಿಂದಲೇ ಗೋಡೆ ಗಡಿಯಾರ ನೋಡಿದೆ ಅಂತ ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ. ಈ ಆಪರೇಷನ್ ಬಗ್ಗೆ ಅವರಿಗೆ ಪಶ್ಚಾತ್ತಾಪ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆ ಕೇಳಿದ ತಕ್ಷಣ "ಲೇಸರ್ ಮಾಡಿಸಲೇಬಾರದು" ಅನ್ನುವವರು ಜಾಸ್ತಿ.

ಐದು ಬಾಟಲಿಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟೆ. ಮೊದಲ ಎರಡು, ಬೇರೆ ಬೇರೆ ಕಂಪನಿಯ ಹೆಸರಲ್ಲಿದ್ದ ಒಂದೇ ಔಷಧಿ: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಕೃತಕ ಕಣ್ಣೀರು. ಎರಡನ್ನೂ ಹಾಕುತ್ತಿದ್ದರು. ಮೂರನೆಯದು ಕಣ್ಣಿನ ಕೆಂಪು ಹೋಗಿಸುವ ಡ್ರಾಪ್ಸ್. ಅದು ರಕ್ತನಾಳವನ್ನು ಕುಗ್ಗಿಸಿ ಸ್ವಲ್ಪ ಹೊತ್ತು ಕಣ್ಣನ್ನು ಬೆಳ್ಳಗೆ ಕಾಣಿಸುತ್ತದೆ, ಆಮೇಲೆ ಮೊದಲಿಗಿಂತ ಕೆಂಪಾಗುವುದೂ ಉಂಟು. ನಾಲ್ಕನೆಯದು ಅಲರ್ಜಿಗೆ. ಐದನೆಯದನ್ನು ಓದಿದಾಗ ನನ್ನ ಕೈ ಅಲ್ಲೇ ನಿಂತಿತು. ಸ್ಟಿರಾಯ್ಡ್ ಇದ್ದ ಡ್ರಾಪ್ಸ್.

"ಇದನ್ನ ಯಾರು ಕೊಟ್ಟರು?"

"ಆಪರೇಷನ್ ಆದಾಗ ಕೊಟ್ಟಿದ್ದ ಚೀಟಿ ಮೇಡಂ. ಉರಿ ಬಂದಾಗೆಲ್ಲ ಮೆಡಿಕಲ್ ಶಾಪಿನಲ್ಲಿ ಅದನ್ನೇ ತೋರಿಸ್ತೀನಿ. ಎರಡು ದಿನ ಹಾಕಿದ್ರೆ ಆರಾಮ."

ಆಪರೇಷನ್ ಆದ ಮೇಲೆ ಕೆಲವು ದಿನ ಹಾಕಿ ನಿಲ್ಲಿಸಬೇಕಾದ ಔಷಧಿಯನ್ನು ಇವರು ಎರಡೂವರೆ ವರ್ಷ ಬಿಟ್ಟು ಬಿಟ್ಟು ಹಾಕುತ್ತಾ ಬಂದಿದ್ದರು. ಸ್ಟಿರಾಯ್ಡ್ ಕೆಲವರಲ್ಲಿ ಕಣ್ಣಿನ ಒತ್ತಡ ಏರಿಸುತ್ತದೆ. ಒತ್ತಡ ಏರಿದರೆ ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರ ಸಾಯುತ್ತದೆ. ಲೇಸಿಕ್ ಆದವರಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಾವು ಒತ್ತಡ ಅಳೆಯುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು, ಗಾಳಿಯಿಂದಲೋ ಸಣ್ಣ ತುದಿಯಿಂದಲೋ ಒತ್ತಿ. ಲೇಸಿಕ್‌ನಲ್ಲಿ ಆ ಪದರ ತೆಳ್ಳಗಾಗಿರುತ್ತದೆ. ತೆಳ್ಳಗಿದ್ದದ್ದು ಸುಲಭವಾಗಿ ಬಗ್ಗುತ್ತದೆ, ಮೆಷಿನ್ ಕಡಿಮೆ ನಂಬರ್ ತೋರಿಸುತ್ತದೆ. ಅವತ್ತು ಗಾಳಿ ಮೆಷಿನ್‌ನಲ್ಲಿ ಬಲಗಣ್ಣಿಗೆ 13, ಎಡಗಣ್ಣಿಗೆ 14 ಬಂತು. ಬೇರೆಯವರಾಗಿದ್ದರೆ ನಾರ್ಮಲ್ ಅಂತ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಇವರ ವಿಷಯದಲ್ಲಿ ಆ ನಂಬರನ್ನು ನಂಬುವ ಹಾಗಿರಲಿಲ್ಲ. ಐದನೇ ಬಾಟಲಿಯನ್ನು ಪಕ್ಕಕ್ಕಿಟ್ಟು, ಕಣ್ಣಿನ ಡಾಕ್ಟರಿಗೆ ಚೀಟಿ ಬರೆದೆ.

ಆಮೇಲೆ, ಹೋದ ವರ್ಷ ಕೇಳದೇ ಬಿಟ್ಟಿದ್ದ ಪ್ರಶ್ನೆ ಕೇಳಿದೆ. ವರ್ಷದಲ್ಲಿ ಯಾವ ತಿಂಗಳು ಜಾಸ್ತಿ ಕಷ್ಟ?

ಅವರು ಯೋಚನೆ ಮಾಡುತ್ತಾ ಕೂತರು. ಅಮ್ಮನೇ ಹೇಳಿದರು: "ಅಡಿಕೆ ಬೇಯಿಸೋ ಟೈಮಲ್ಲಿ ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡ್ಕೊಳ್ತಾನೆ. ಮಳೆಗಾಲದಲ್ಲಿ ಉಜ್ಜೋದಿಲ್ಲ. ಆದ್ರೆ ರಾತ್ರಿ ಕಾರು ತೆಗೆಯೋಕೆ ಹೆದರ್ತಾನೆ."

ಇಡೀ ಪ್ರಕರಣದ ಗಂಟು ಬಿಚ್ಚಿದ್ದು ಈ ಮಾತಿನಲ್ಲೇ. ಉರಿ ಜಾಸ್ತಿ ಇರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ: ಒಣ ಗಾಳಿ, ಅಂಗಳದಲ್ಲಿ ಅಡಿಕೆ ಹಂಡೆಯ ಹೊಗೆ. ರಾತ್ರಿ ಕಾಣದಿರುವುದು ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಗಾಳಿಯಲ್ಲಿ ತೇವ ಇರುತ್ತದೆ, ಕಣ್ಣು ಅಷ್ಟಾಗಿ ಒಣಗುವುದಿಲ್ಲ. ಅಂದರೆ ತೊಂದರೆ ಒಂದಲ್ಲ, ಎರಡು, ಅದೂ ಬೇರೆ ಬೇರೆ ಕಾಲದವು. ಎರಡನ್ನೂ ಸೇರಿಸಿ "ಲೇಸಿಕ್ ಪ್ರಾಬ್ಲಂ" ಅಂತ ಒಂದೇ ಹೆಸರಿಟ್ಟು, ಒಂದರ ಔಷಧಿಯನ್ನು ಇನ್ನೊಂದಕ್ಕೂ ಸುರಿಯುತ್ತಿದ್ದರು.

ಮೊದಲು ಉರಿ. ಕಣ್ಣಿನ ನೀರಿಗೆ ಕಿತ್ತಳೆ ಬಣ್ಣದ ಫ್ಲೂರೆಸೀನ್ ಕಾಗದ ಮುಟ್ಟಿಸಿ, ನೀಲಿ ಬೆಳಕಲ್ಲಿ ನೋಡಿದರೆ ಕಣ್ಣೀರಿನ ಪದರ ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಬಡಿಯದೆ ಇರಲು ಹೇಳಿ ಎಣಿಸುತ್ತೇವೆ. ಒಳ್ಳೆಯ ಕಣ್ಣಲ್ಲಿ ಹತ್ತು ಸೆಕೆಂಡಾದರೂ ಆ ಪದರ ಹಾಗೇ ನಿಲ್ಲಬೇಕು. ಇವರದ್ದು ಬಲಗಣ್ಣಲ್ಲಿ ನಾಲ್ಕು, ಎಡಗಣ್ಣಲ್ಲಿ ಮೂರು. ಎಣ್ಣೆ ಹಚ್ಚಿದ ಕಾವಲಿಗೆ ನೀರು ಚಿಮುಕಿಸಿದಾಗ ನೀರು ಅಲ್ಲಲ್ಲಿ ಸರಿದು ಬರಿ ಜಾಗ ಬಿಡುತ್ತದಲ್ವಾ, ಹಾಗೆ ಹಸಿರಿನ ನಡುವೆ ಕಪ್ಪು ತೂತು ಬೀಳತೊಡಗಿದವು. ಕಣ್ಣೀರು ಎಷ್ಟು ಬರುತ್ತದೆ ಅಂತ ಅಳೆಯುವ ಶಿರ್ಮರ್ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಟ್ಟೆ. ಬಲಕ್ಕೆ 8 ಮಿಲಿಮೀಟರ್, ಎಡಕ್ಕೆ 6 ಒದ್ದೆಯಾಯಿತು. ಕಡಿಮೆಯೇ.

ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ತೆಳ್ಳಗೆ ಮುಚ್ಚಳದ ಹಾಗೆ ಎತ್ತಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ಬೇಕಾದಷ್ಟು ಸವೆಸಿ, ಮುಚ್ಚಳವನ್ನು ಮತ್ತೆ ಮುಚ್ಚುತ್ತಾರೆ. ಮುಚ್ಚಳ ಎತ್ತುವಾಗ ಅಲ್ಲಿರುವ ಸಣ್ಣ ನರಗಳು ತುಂಡಾಗುತ್ತವೆ. "ಒಣಗ್ತಾ ಇದೆ, ನೀರು ಬಿಡು" ಅಂತ ಮೆದುಳಿಗೆ ಹೇಳುವ ನರಗಳೇ ಅವು. ಆರು ತಿಂಗಳು, ಒಂದು ವರ್ಷದಲ್ಲಿ ಹೆಚ್ಚಿನವರಿಗೆ ಅವು ಬೆಳೆದು ಸರಿಯಾಗುತ್ತದೆ. ಕೆಲವರಿಗೆ ಪೂರ್ತಿ ಆಗುವುದಿಲ್ಲ. ಅದರ ಮೇಲೆ ಎಂಟು ಗಂಟೆ ಸ್ಕ್ರೀನ್. ಮಾತಾಡುತ್ತಾ ಕೂತಾಗ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿಯುವವರು ಸ್ಕ್ರೀನ್ ಮುಂದೆ ಕೂತರೆ ಅದರ ಅರ್ಧವೂ ಬಡಿಯುವುದಿಲ್ಲ. ಅದರ ಮೇಲೆ ಹೊಗೆ, ಶೀತ ಆದಾಗ ನುಂಗುವ ಮಾತ್ರೆ (ಅದೂ ಕಣ್ಣು ಒಣಗಿಸುತ್ತದೆ), ಮತ್ತು ದಿನಕ್ಕೆ ಹತ್ತು ಹನ್ನೆರಡು ಸಲ ಹಾಕುತ್ತಿದ್ದ ಡ್ರಾಪ್ಸ್. ಅವರ ಬಾಟಲಿಗಳಲ್ಲಿ ಔಷಧಿ ಕೆಡದಂತೆ ಬೆಂಜಾಲ್ಕೋನಿಯಂ ಕ್ಲೋರೈಡ್ ಹಾಕಿದ್ದರು. ದಿನಕ್ಕೆ ಎರಡು ಮೂರು ಸಲಕ್ಕೆ ನಡೆಯುತ್ತದೆ. ಹನ್ನೆರಡು ಸಲ ಹಾಕಿದರೆ ಅದೇ ಕಣ್ಣಿನ ಮೇಲ್ಮೈಯನ್ನು ಕೆಡಿಸುತ್ತದೆ. ಉರಿಗೆ ಹಾಕಿದ ಔಷಧಿಯಲ್ಲೇ ಅರ್ಧ ಉರಿ ಇತ್ತು.

ಈಗ ರಾತ್ರಿಯ ವಿಷಯ. ಚಾರ್ಟ್ ಓದಿಸುವುದು ಬೆಳಕಿರುವ ಕೋಣೆಯಲ್ಲಿ, ಬಿಳಿ ಹಲಗೆಯ ಮೇಲಿನ ಕಪ್ಪು ಅಕ್ಷರ. ಆಗ ಪಾಪೆ ಚಿಕ್ಕದಾಗಿರುತ್ತದೆ, ಬೆಳಕು ಲೇಸರ್ ತಿದ್ದಿದ ಜಾಗದ ನಡುವಿನಿಂದ ಮಾತ್ರ ಒಳಗೆ ಹೋಗುತ್ತದೆ. ನಾನು ಹೋದ ವರ್ಷ ಪರೀಕ್ಷಿಸಿದ್ದು ಆ ಭಾಗವನ್ನಷ್ಟೇ. ಈ ಸಲ ಲೈಟ್ ಎಲ್ಲ ಆರಿಸಿದೆ. ಕತ್ತಲಲ್ಲಿ ಅವರ ಪಾಪೆ ಏಳು ಮಿಲಿಮೀಟರ್ ಹತ್ತಿರ ಹಿಗ್ಗಿತು. ಲೇಸರ್‌ನಿಂದ ಪೂರ್ತಿ ತಿದ್ದಿದ್ದ ವೃತ್ತ ಆರೂವರೆ ಮಿಲಿಮೀಟರ್. ಆ ಅಂಚಿನ ಆಚೆಯಿಂದಲೂ ಬೆಳಕು ನುಗ್ಗುತ್ತದೆ. ಹೆಡ್‌ಲೈಟ್ ಸುತ್ತ ಕಾಣುವ ಬಳೆ ಅದೇ.

ಒಂದು ಪೆನ್‌ಟಾರ್ಚ್ ದೂರದಲ್ಲಿಟ್ಟು, ಕಾಣುವುದನ್ನು ಬರೆಯಿರಿ ಅಂತ ಬಿಲ್ಲಿನ ಹಿಂಬದಿ ಕೊಟ್ಟೆ. ಬಲಗಣ್ಣಿಗೆ ದುಂಡಗಿನ ಬಳೆ ಬರೆದರು. ಎಡಗಣ್ಣಿಗೆ ಬಳೆಯ ಜೊತೆ ಮೇಲಕ್ಕೂ ಕೆಳಕ್ಕೂ ಗಾಳಿಪಟದ ಬಾಲದ ಹಾಗೆ ಉದ್ದ ಗೆರೆ ಎಳೆದರು. ಬಾಲ ಅಂದರೆ ಸಾಮಾನ್ಯವಾಗಿ ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿರುವುದು. ಪರೀಕ್ಷೆ ಮಾಡಿದರೆ ಬಲಕ್ಕೆ ಮೈನಸ್ ಅರ್ಧ, ಎಡಕ್ಕೆ ಸಿಲಿಂಡರ್ ಮೈನಸ್ ಮುಕ್ಕಾಲು ಉಳಿದಿತ್ತು. ಹಗಲಿಗೆ ಇದು ಏನೂ ಅಲ್ಲ. ಆದ್ದರಿಂದಲೇ ಚಾರ್ಟ್ ಓದಿಬಿಟ್ಟಿದ್ದರು.

ಟ್ರಯಲ್ ಫ್ರೇಮಿಗೆ ಆ ಗಾಜು ಹಾಕಿ ಅವರ ಮೂಗಿನ ಮೇಲೆ ಕೂರಿಸಿ, ಹೊರಗೆ ಕರೆದುಕೊಂಡು ಹೋದೆ. ಸಂಜೆ ಏಳೂವರೆ, ಜಿಟಿಜಿಟಿ ಮಳೆ, ದುರ್ಗಿಗುಡಿ ರಸ್ತೆ ತುಂಬ ಬೈಕು. ಟ್ರಯಲ್ ಫ್ರೇಮ್ ಅಂದರೆ ಗೊತ್ತಲ್ಲ, ಕಬ್ಬಿಣದ ಗುಂಡು ಕನ್ನಡಕ. ಹಾಕಿಕೊಂಡವರು ಹಳೇ ಕಾಲದ ವಿಜ್ಞಾನಿ ಥರ ಕಾಣುತ್ತಾರೆ. ಹೋಗುವವರೆಲ್ಲ ತಿರುಗಿ ನೋಡಿದರು. ಇವರಿಗೆ ಅದರ ಪರಿವೆಯೇ ಇರಲಿಲ್ಲ. ಎಡಗಣ್ಣಿನ ಗಾಜು ತೆಗೆದರು, ಹಾಕಿದರು, ಮತ್ತೆ ತೆಗೆದರು. "ಬಾಲ ಹೋಯ್ತು ಮೇಡಂ. ಬಳೆ ಇದೆ, ಬಾಲ ಇಲ್ಲ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಮತ್ತೆ ಕನ್ನಡಕವಾ? ಅಷ್ಟು ದುಡ್ಡು ಕೊಟ್ಟು ತೆಗೆಸಿದ್ದು!" ಅಂದರು.

ಈ ಮಾತಿಗೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಮೈನಸ್ ಆರೂವರೆ ಹೋಗಿ ಅರ್ಧ ಉಳಿದಿದೆ, ರಾತ್ರಿ ಗಾಡಿ ಓಡಿಸುವಾಗ ಮಾತ್ರ ಹಾಕಿ ಅಂದೆ. ಅಮ್ಮ ಕೇಳಿದ ಪ್ರಶ್ನೆ ಬೇರೆ: "ಲೇಸರಲ್ಲಿ ಕಣ್ಣನ್ನ ಸುಟ್ಟು ಹಾಕಿದ್ರಾ ಎಂತ? ಅದಕ್ಕೇ ಉರಿಯಾ?" ಸುಡುವುದಲ್ಲ ಅಂತ ಹೇಳಿದೆ. ಇದರಲ್ಲಿ ಬಳಸುವ 193 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಅಣುಗಳ ಕೊಂಡಿಯನ್ನೇ ಬಿಡಿಸಿ ಒಂದೊಂದೇ ಪದರ ತೆಗೆಯುತ್ತದೆ, ಪಕ್ಕದ ಜಾಗ ಕರಕಲಾಗುವುದಿಲ್ಲ. ಇದನ್ನು ಮೊದಲು ಕಂಡುಕೊಂಡವರಲ್ಲಿ ಒಬ್ಬರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಿನಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಕೋಳಿಯ ಮಾತು ಕೇಳಿ ಅಮ್ಮ ಮುಖ ಕಿವುಚಿದರು. ಅವರ ಮನೆಯಲ್ಲಿ ಮೊಟ್ಟೆಯೂ ಇಲ್ಲ.

ಡಾಕ್ಟರ್ ಏನು ಮಾಡಿದರು ಅನ್ನುವುದನ್ನು ಬೇಗ ಹೇಳುತ್ತೇನೆ. ಸ್ಟಿರಾಯ್ಡ್, ಕೆಂಪಿನ ಡ್ರಾಪ್ಸ್ ಎರಡೂ ಬಂದ್. ಕಣ್ಣಿನ ನರದ ಸ್ಕ್ಯಾನ್ ಆಯಿತು, ನರ ಚೆನ್ನಾಗಿದೆ. ಕಾರ್ನಿಯಾದ ಟೊಪೋಗ್ರಫಿ, ಅಂದರೆ ಅದರ ಉಬ್ಬುತಗ್ಗಿನ ನಕ್ಷೆ, ಆಯಿತು. ತೆಳ್ಳಗಾದ ಕಾರ್ನಿಯಾ ನಿಧಾನವಾಗಿ ಉಬ್ಬಿ ಹೊರಬರುವ ಎಕ್ಟೇಸಿಯಾ ಅನ್ನುವ ತೊಂದರೆ ಇದೆಯಾ ಅಂತ ನೋಡಲು. ಇರಲಿಲ್ಲ. ಪಾಪೆ ಹಿಗ್ಗಿಸಿ ಕಣ್ಣಿನ ಹಿಂದಿನ ಪದರವಾದ ರೆಟಿನಾ ನೋಡಿದರು, ಹರಿದಿರಲಿಲ್ಲ. ಈ ಕೊನೆಯದರ ಬಗ್ಗೆ ಒಂದು ಮಾತು. ಲೇಸರ್ ತಿದ್ದುವುದು ಕಣ್ಣಿನ ಮುಂಭಾಗವನ್ನು ಮಾತ್ರ. ಮೈನಸ್ ಆರೂವರೆಯ ಕಣ್ಣು ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ಆ ಉದ್ದ ಹಾಗೇ ಇರುತ್ತದೆ, ಎಳೆದ ರೆಟಿನಾ ಹಾಗೇ ಇರುತ್ತದೆ. ಕನ್ನಡಕ ಹೋದ ಮೇಲೆ ಇದು ಎಲ್ಲರಿಗೂ ಮರೆತುಹೋಗುತ್ತದೆ. ಕಣ್ಣ ಮುಂದೆ ಮಿಂಚು ಹೊಡೆದ ಹಾಗಾದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳ ಮಳೆ ಸುರಿದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗಾದರೆ ಅವತ್ತೇ ಬರಬೇಕು, ನಾಳೆ ಅನ್ನಬಾರದು ಅಂತ ಇಬ್ಬರಿಗೂ ಹೇಳಿದೆ.

ಮತ್ತೊಮ್ಮೆ ಲೇಸರ್ ಮಾಡಿ ಉಳಿದದ್ದನ್ನೂ ತೆಗೆಯಬಹುದಾ ಅಂತ ಇವರು ಡಾಕ್ಟರನ್ನು ಕೇಳಿದ್ದಾರೆ. ಮೊದಲು ಕಣ್ಣು ಒದ್ದೆಯಾಗಲಿ, ಇಷ್ಟು ಚಿಕ್ಕ ಪವರಿಗೆ ಮತ್ತೆ ಮುಚ್ಚಳ ಎತ್ತುವುದು ಬೇಡ, ಹಳೇ ಫೈಲ್ ತನ್ನಿ ಅಂದಿದ್ದಾರೆ.

ಫೈಲ್ ಎಲ್ಲಿ? ಬೆಂಗಳೂರಿನ ರೂಮ್ ಖಾಲಿ ಮಾಡುವಾಗ ಹೋಯಿತು ಅಂತ ಇವರು. ಹೋಗಿಲ್ಲ ಅಂತ ಅಮ್ಮ. ಕೊನೆಗೆ ಅಟ್ಟದ ಮೇಲೆ ಸಿಕ್ಕಿತು. ಎರಡು ಮಳೆಗಾಲ ಕಂಡ ಕಾಗದ, ಅಂಚೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ನಾನು ಒಂದೊಂದೇ ಹಾಳೆ ಬಿಡಿಸಿ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಬಲಗಣ್ಣಿನ ಕಾರ್ನಿಯಾ ಮೊದಲು 528 ಮೈಕ್ರಾನ್ ದಪ್ಪ. ಮುಚ್ಚಳ 110. ಲೇಸರ್ ತೆಗೆದದ್ದು 95. ಕೆಳಗೆ ಉಳಿದದ್ದು 323. ಕನಿಷ್ಠ 250 ಇರಲೇಬೇಕು, 300 ಇದ್ದರೆ ಒಳ್ಳೆಯದು ಅನ್ನುವುದು ಲೆಕ್ಕ. ಆಪರೇಷನ್ ಮಾಡಿದವರು ಸರಿಯಾಗಿಯೇ ಮಾಡಿದ್ದಾರೆ. ನನಗೆ ಸಮಾಧಾನ ಆಗದ ಜಾಗ ಒಂದೇ. ಡಿಸ್ಚಾರ್ಜ್ ಹಾಳೆಯಲ್ಲಿ ಸ್ಟಿರಾಯ್ಡ್ ಯಾವಾಗ ನಿಲ್ಲಿಸಬೇಕು ಅನ್ನುವುದು ಇಂಗ್ಲಿಷಿನಲ್ಲಿ, ಮೂರನೇ ಪುಟದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿತ್ತು.

ಔಷಧಿ ಸರಳ: ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ಒಂದು ಸಲಕ್ಕೆ ಒಂದರಂತೆ ಮುರಿದು ಹಾಕುವ ಪುಟ್ಟ ಕೊಳವೆಗಳಲ್ಲಿ ಬರುವುದು. ಜೊತೆಗೆ ದಿನಕ್ಕೆ ಎರಡು ಸಲ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆ ಮೇಲೆ ಹತ್ತು ನಿಮಿಷ. ಬಟ್ಟೆ ಬೇಗ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು ಇರುವ ಮನೆಗೆ ಇದು ಕಷ್ಟವಲ್ಲ. ಲ್ಯಾಪ್‌ಟಾಪ್ ಕಣ್ಣಿಗಿಂತ ಕೆಳಗೆ, ಫ್ಯಾನ್ ಮುಖಕ್ಕೆ ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡು ನೋಡುತ್ತಾ ಪೂರ್ತಿ ರೆಪ್ಪೆ ಮುಚ್ಚಿ ತೆಗೆಯುವುದು. ರಾತ್ರಿ ಕಿಟಕಿಯಾಚೆ ತೋಟ ಕಾಣುವುದಿಲ್ಲ ಮೇಡಂ ಅಂದರು. ಜಗಲಿ ಲೈಟ್ ಹಾಕಿಕೊಳ್ಳಿ ಅಂದೆ.

ಕಾರು ನೋಡಿದ್ದು ಸುಮ್ಮನೆ, ಮಾತಿಗೆ ಹೊರಗೆ ಬಂದಾಗ. ಮುಂದಿನ ಗಾಜಿನ ಒಳಮೈ ಮೇಲೆ ಬೆರಳು ಎಳೆದರೆ ಗೆರೆ ಮೂಡಿತು, ಅಷ್ಟು ಜಿಡ್ಡು. ವೈಪರ್ ರಬ್ಬರ್ ಹರಿದು ಅರ್ಧ ಚಂದ್ರದ ಗೀರು ಬಿಡುತ್ತಿತ್ತು. ಡ್ಯಾಶ್‌ಬೋರ್ಡ್ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ "ನೈಟ್ ಡ್ರೈವಿಂಗ್" ಹಳದಿ ಕನ್ನಡಕ. ಅದು ಬರುವ ಬೆಳಕನ್ನೇ ಕಡಿಮೆ ಮಾಡುತ್ತದೆ, ಕತ್ತಲಲ್ಲಿ ಇನ್ನೂ ಕಡಿಮೆ ಕಾಣುತ್ತದೆ. ಹೊಸ ವೈಪರ್ ಹಾಕಿಸಿದ್ದರಿಂದ, ಗಾಜು ಒರೆಸಿದ್ದರಿಂದ ಆದ ಉಪಕಾರ ನನ್ನ ಕನ್ನಡಕದಿಂದ ಆದದ್ದಕ್ಕೆ ಕಡಿಮೆಯೇನಲ್ಲ ಅಂತ ಆಮೇಲೆ ಅವರೇ ಹೇಳಿದರು.

ಇನ್ನೊಂದನ್ನು ಅಮ್ಮ ಬಾಯಿಬಿಟ್ಟರು. ಮಳೆಗಾಲ ಶುರುವಾಗುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಮಗ ಕೆಳಗೆ ಪೈಪ್ ಹಿಡಿದು ಮೇಲೆ ನೋಡುತ್ತಾ ನಿಲ್ಲುತ್ತಾನೆ, ಕಣ್ಣಿಗೆ ಹನಿ ಬಿದ್ದಿದೆ ಅಂತ. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ. ಯಾರ ಕಣ್ಣಿಗೂ ಒಳ್ಳೆಯದಲ್ಲ. ಇವರಿಗೆ ಮೊದಲು ಇಪ್ಪತ್ತು ವರ್ಷ ಕನ್ನಡಕವೇ ಅಡ್ಡ ನಿಂತು ಕಾಪಾಡಿತ್ತು. ಲೇಸಿಕ್‌ನ ಮುಚ್ಚಳದ ಅಂಚು ಕೂಡಿಕೊಂಡರೂ ಹುಟ್ಟುಪದರದಷ್ಟು ಗಟ್ಟಿ ಆಗುವುದಿಲ್ಲ. ಎಷ್ಟೋ ವರ್ಷದ ಮೇಲೂ ಕಣ್ಣಿಗೆ ಜೋರಾಗಿ ಪೆಟ್ಟು ಬಿದ್ದಾಗ ಮುಚ್ಚಳ ಸರಿದ ಉದಾಹರಣೆಗಳಿವೆ. ಅಡಿಕೆ ಗೊನೆ, ಹಾಳೆ ಮೇಲಿಂದ ಬೀಳುವ ತೋಟದಲ್ಲಿ ಬರಿಗಣ್ಣಲ್ಲಿ ಓಡಾಡಬೇಡಿ ಅಂತ ಪವರ್ ಇಲ್ಲದ, ಪಕ್ಕವೂ ಮುಚ್ಚುವ ಗಾಗಲ್ಸ್ ಕೊಟ್ಟೆ. ಕನ್ನಡಕ ತೆಗೆಸಲು ಹೋದವರಿಗೆ ಈಗ ಎರಡು ಕನ್ನಡಕ. ನಗು ಬಂತು, ಇಬ್ಬರಿಗೂ.

ಸೆಪ್ಟೆಂಬರ್‌ನಲ್ಲಿ ಬಂದಾಗ ಕಣ್ಣೀರಿನ ಪದರ ಏಳು ಸೆಕೆಂಡ್ ನಿಲ್ಲುತ್ತಿತ್ತು. ಆಮೇಲೆ ಚಳಿಗಾಲ ಪೂರ್ತಿ ನಾಪತ್ತೆ. "ಕೊಯ್ಲು ಮೇಡಂ, ಆಳು ಸಿಗಲ್ಲ." 2025ರ ಮಾರ್ಚ್‌ನಲ್ಲಿ ಎಂಟು ಸೆಕೆಂಡ್, ಶಿರ್ಮರ್ ಎರಡೂ ಕಣ್ಣಲ್ಲಿ ಹತ್ತರ ಆಸುಪಾಸು. ಡ್ರಾಪ್ಸ್ ದಿನಕ್ಕೆ ನಾಲ್ಕು ಸಲಕ್ಕೆ ಇಳಿದಿತ್ತು. ಹೆಡ್‌ಲೈಟಿನ ಬಳೆ ಹೋಗಿಲ್ಲ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಆಗ ಬಳೆಯೂ ಕಡಿಮೆಯಾಗಬಹುದು ಅಂದೆ. ಅಷ್ಟೊತ್ತಿಗೆ ಓದುವ ಕನ್ನಡಕ ಬರುತ್ತದೆ, ಅದನ್ನು ಲೇಸಿಕ್ ತಡೆಯುವುದಿಲ್ಲ ಅನ್ನುವುದನ್ನೂ ಹೇಳಿಬಿಟ್ಟೆ. 2025ರ ಜುಲೈನಲ್ಲಿ ಹೆಬ್ರಿಯ ಅಕ್ಕನ ಮನೆಯಿಂದ ರಾತ್ರಿ ಮಳೆಯಲ್ಲಿ ಆಗುಂಬೆಯ 14 ತಿರುವು ಹತ್ತಿಕೊಂಡು ಬಂದರಂತೆ. ಎದುರಿಗೆ ಹೈಬೀಮ್ ಬಂದಾಗಲೆಲ್ಲ ಪಕ್ಕದ ಬಿಳಿ ಗೆರೆ ನೋಡಿಕೊಂಡು ನಿಧಾನ ಮಾಡಿದೆ ಅಂದರು. ಹೋದ ವರ್ಷವಾಗಿದ್ದರೆ ಅಲ್ಲೇ ಉಳಿದುಕೊಳ್ಳುತ್ತಿದ್ದರು. ನಾನೇನು ಶಭಾಷ್ ಅನ್ನಲಿಲ್ಲ. ಮಳೆ ಜೋರಿದ್ದರೆ ಈಗಲೂ ಉಳಿದುಕೊಳ್ಳಿ ಅಂದೆ.

ಫೈಲನ್ನು ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮುಂದೆ ಪೊರೆ ಬಂದರೆ ಒಳಗೆ ಹಾಕುವ ಲೆನ್ಸ್‌ನ ಲೆಕ್ಕಕ್ಕೆ ಆಪರೇಷನ್ ಮುಂಚಿನ ಅಳತೆ ತುಂಬ ಸಹಾಯ ಮಾಡುತ್ತದೆ, ಅದಿಲ್ಲದಿದ್ದರೆ ಲೆಕ್ಕ ತಪ್ಪುವ ಸಾಧ್ಯತೆ ಜಾಸ್ತಿ ಅಂತ ವಿವರಿಸಿದ್ದೆ. "ಎಷ್ಟು ವರ್ಷ ಇಡ್ಬೇಕು?" ಅಂತ ಕೇಳಿದರು. ಮೂವತ್ತು ಅಂದೆ. "ಹಾಗಾದ್ರೆ ಸೊಸೆಗೆ ಹೇಳ್ಬೇಕು" ಅಂದರು. ಸೊಸೆ ಇನ್ನೂ ಬಂದಿಲ್ಲ.

ಮುಂದಿನ ಪರೀಕ್ಷೆ ಡಿಸೆಂಬರ್‌ಗೆ. ಕೊಯ್ಲು ಅಂತ ನೆವ ಹೇಳುವ ಹಾಗಿಲ್ಲ ಅಂದಿದ್ದೇನೆ. ಅಡಿಕೆ ಹಂಡೆ ಒಲೆ ಮೇಲಿರುವಾಗ ಆ ಕಣ್ಣು ಎಷ್ಟು ಸೆಕೆಂಡ್ ನಿಲ್ಲುತ್ತದೆ ಅನ್ನುವುದನ್ನು ನಾನಿನ್ನೂ ನೋಡಿಲ್ಲ.